ತರಬೇತಿಗೆ ಬಂದವನಿಗೆ ಏಳು ಮನೆ

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ತೀರ್ಥಹಳ್ಳಿಯ ಒಂದು ಬಸ್ ಕಂಪನಿಯಲ್ಲಿ ರೈಟರ್ ಆಗಿದ್ದೆ. ಕಂಪನಿ ಎಂದರೆ ಮೂರು ಬಸ್ಸು, ಒಂದು ತಗಡಿನ ಶೆಡ್ಡು, ಶೆಡ್ಡಿನ ನಡುವೆ ಒಂದು ಗುಂಡಿ, ಗುಂಡಿಯೊಳಗೆ ಒಬ್ಬ ಮೇಸ್ತ್ರಿ. ಎರಡು ಬಸ್ಸು ಓಡುತ್ತಿದ್ದವು, ಮೂರನೆಯದು ಗುಂಡಿಯ ಮೇಲೆ ನಿಂತಿರುತ್ತಿತ್ತು. ಯಾವುದು ಮೂರನೆಯದು ಎಂಬುದು ಮಾತ್ರ ವಾರವಾರ ಬದಲಾಗುತ್ತಿತ್ತು.

ನನ್ನ ಕೆಲಸ ಬರೆಯುವುದು. ಪರ್ಮಿಟ್ಟಿನ ಅರ್ಜಿ, ಬಸ್ಸು ಬಾರದೆ ಮದುವೆ ತಪ್ಪಿಸಿಕೊಂಡವರ ದೂರಿಗೆ ಉತ್ತರ, ತಹಶೀಲ್ದಾರರಿಗೆ ಹೊಸ ವರ್ಷದ ಶುಭಾಶಯ. ಇಲ್ಲದ್ದನ್ನು ಇದೆ ಎಂದು ಬರೆಯುವುದರಲ್ಲಿ ನನಗೆ ಕೈ ಕುದುರಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮ ಸಾಹುಕಾರರು ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಅರವತ್ತರ ದಶಕದ ನಡುವೆ ಸಾಹುಕಾರರು ಒಂದು ಡೀಸೆಲ್ ಬಸ್ಸು ತಂದರು. ಅದರ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಪಂಪು ಒಂದಿತ್ತು. ಮೇಸ್ತ್ರಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಮುದುಕರು. ಪೆಟ್ರೋಲ್ ಎಂಜಿನ್ನಿನ ಕೆಮ್ಮು ಕೇಳಿ ರೋಗ ಹೇಳಬಲ್ಲವರು. ಆದರೆ ಆ ಪಂಪನ್ನು ಬಿಚ್ಚಲು ಅವರಿಗೆ ಧೈರ್ಯ ಬರಲಿಲ್ಲ. ಅದು ಕೆಟ್ಟಾಗಲೆಲ್ಲ ಶಿವಮೊಗ್ಗಕ್ಕೆ ಹೋಗಬೇಕು, ವಾರಗಟ್ಟಲೆ ಕಾಯಬೇಕು.

ಆಗಲೇ ಸಾಗರದಿಂದ ಒಂದು ಕಾಗದ ಬಂತು. ಬರೆದವರು ಪಾಲಿಟೆಕ್ನಿಕ್ಕಿನ ಒಬ್ಬ ಮೇಷ್ಟ್ರು, ಸಾಗರದವರೇ. ತಮ್ಮ ಕಾಲೇಜಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನ ಐದು ಜನ ಹುಡುಗರಿದ್ದಾರೆ, ಬೇಸಿಗೆ ರಜೆಯಲ್ಲಿ ಅವರು ಆರು ವಾರ ಎಲ್ಲಾದರೂ ಕೆಲಸ ಕಲಿತು ಸರ್ಟಿಫಿಕೇಟು ತಂದರೆ ಮಾತ್ರ ಡಿಪ್ಲೊಮಾ ಸಿಗುತ್ತದೆ, ಬೇಕಾದ ಸಂಸ್ಥೆಗಳು ಇಂಥ ಭಾನುವಾರ ಸಾಗರದ ಶಾಲೆಗೆ ಬಂದು ಹುಡುಗರ ಮುಂದೆ ತಮ್ಮ ವಿಷಯ ಹೇಳಿಕೊಳ್ಳಬಹುದು ಎಂದಿತ್ತು. ಜೊತೆಗೆ ಐವರ ಅಂಕ ಮತ್ತು ಊರು. ಮೊದಲನೆಯವನು ಉಳಿದ ನಾಲ್ವರಿಗಿಂತ ಬಹಳ ಮುಂದಿದ್ದ. ಊರು ವರದಮೂಲ.

ಸಾಹುಕಾರರು ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು.

"ಆ ಮೊದಲ್ನೇ ನಂಬರ್ ಹುಡುಗನ್ನ ಕರ್ಕೊಂಡು ಬಾ. ಎರಡ್ನೇ ನಂಬರ್ ತಂದ್ರೆ ನೀನೇ ಇಟ್ಕೋ."

"ಎಂಥ ಹೇಳಿ ಕರೀಲಿ? ನಮ್ಮಲ್ಲಿ ಇರೋದು ಒಂದು ಗುಂಡಿ."

"ನಿಂಗೆ ಬಾಯಿ ಯಾಕೆ ಕೊಟ್ಟಿದಾನೆ ದೇವ್ರು? ಅವ್ನು ಬರ್ಲಿಲ್ಲ ಅಂದ್ರೆ ನೀನೂ ಬರ್ಬೇಡ."

ಸಂಬಳದ ಮಾತು ಎತ್ತಬೇಡ ಎಂದೂ ಹೇಳಿದರು. ಸಂಬಳ ಬಿಟ್ಟು ಹುಡುಗರಿಗೆ ಬೇಕಾಗುವುದೇನು ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಊಟಕ್ಕೆ ಕೂತಾಗ ಹೊಳೆಯಿತು.

ನಮ್ಮ ಕಡೆ ಹಿಂದೆ ವಾರಾನ್ನ ಎಂಬ ಪದ್ಧತಿ ಇತ್ತು. ಪರಊರಿನಿಂದ ಓದಲು ಬಂದ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆಯಲ್ಲಿ ಊಟ. ಹಾಸ್ಟೆಲುಗಳು ಬಂದ ಮೇಲೆ ಅದು ನಿಲ್ಲುತ್ತಾ ಬಂದಿತ್ತು. ಆದರೆ ಊಟ ಹಾಕಿದ ಮನೆಯವರಿಗೆ ತಮ್ಮ ಅನ್ನ ಉಂಡವರು ಎಲ್ಲೆಲ್ಲಿ ಯಾವ ಹುದ್ದೆಯಲ್ಲಿದ್ದಾರೆ ಎಂದು ಹೇಳಿಕೊಳ್ಳುವ ಚಪಲ ಇನ್ನೂ ಹೋಗಿರಲಿಲ್ಲ. ಆ ಚಪಲವನ್ನು ನಂಬಿ ನಾನು ಊರಿನಲ್ಲಿ ಮನೆಮನೆ ಹತ್ತಿ ಇಳಿದೆ.

"ಯಾರ ಪೈಕಿ ಹುಡುಗ?" ಎಂದು ಎಲ್ಲ ಮನೆಯಲ್ಲೂ ಕೇಳಿದರು.

"ವರದಮೂಲದವನು. ಕಾಲೇಜಿಗೇ ಮೊದಲು."

"ಓ, ದೇವಸ್ಥಾನದವರ ಪೈಕಿ," ಎಂದು ಎಲ್ಲ ಮನೆಯಲ್ಲೂ ಅವರೇ ಹೇಳಿಕೊಂಡರು. ವರದಾ ನದಿ ಹುಟ್ಟುವ ಊರು, ಅಲ್ಲಿ ದೇವಸ್ಥಾನ, ಮೇಲೆ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು. ಇನ್ಯಾರ ಪೈಕಿ ಆಗಲು ಸಾಧ್ಯ ಎಂದು ಅವರಿಗೆ ಅನ್ನಿಸಿತು, ನನಗೂ ಹಾಗೇ ಅನ್ನಿಸಿತು. ಆ ಊರಿನಲ್ಲಿ ದೇವರನ್ನು ಬಿಟ್ಟರೆ ಅರ್ಚಕರು ಮಾತ್ರ ಇರುತ್ತಾರೆ ಎಂಬಂತೆ ನಾವೆಲ್ಲ ನಡೆದುಕೊಂಡೆವು. ಸೋಮವಾರಕ್ಕೆ ವಕೀಲರ ಮನೆ ಸಿಕ್ಕಿತು, ಶುಕ್ರವಾರದವರೆಗೆ ಉಳಿದ ಮನೆಗಳು ಸಿಕ್ಕವು, ಭಾನುವಾರ ಸಾಹುಕಾರರದ್ದು. ಶನಿವಾರಕ್ಕೆ ಯಾರೂ ಸಿಗದೆ ನಮ್ಮ ಮನೆಯನ್ನೇ ಹಾಕಿಕೊಂಡೆ. ಮನೆ ಎಂದರೆ ನಾನು ಮತ್ತು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಹೊಸನಗರದ ಕಡೆಯಿಂದ ಬಂದು ತೀರ್ಥಹಳ್ಳಿಯಲ್ಲಿ ಬಾಡಿಗೆಗಿದ್ದೆವು.

ಸಾಗರದ ಶಾಲೆಯಲ್ಲಿ ಆ ಭಾನುವಾರ ಐದು ಹುಡುಗರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಸಂಸ್ಥೆಗಳ ಕಡೆಯಿಂದ ಬಂದಿದ್ದವರು ಮೂವರು. ಸಾಗರದ ಅಕ್ಕಿ ಗಿರಣಿಯ ಮಾಲೀಕರು, ಹೊಸನಗರದ ಮರ ಕೊಯ್ಯುವ ಮಿಲ್ಲಿನ ಮಾಲೀಕರು, ನಾನು. ಮೂವರೂ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಕೈ ಮಡಿಲಲ್ಲಿಟ್ಟುಕೊಂಡು ಕೂತೆವು. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಮ್ಮದು ಹೆಣ್ಣಿನ ಕಡೆ.

ಗಿರಣಿಯವರು ಒಂದು ದೊಡ್ಡ ಫೋಟೊ ತಂದಿದ್ದರು. ಅದರಲ್ಲಿ ಅವರು, ತಹಶೀಲ್ದಾರರು, ಇನ್ನೂ ಎಂಟು ಜನ ಹಾರ ಹಾಕಿಕೊಂಡು ನಿಂತಿದ್ದರು.

"ನಮ್ಮ ಹೊಸ ಎಂಜಿನ್ನು," ಎಂದರು.

"ಎಲ್ಲಿದೆ ಸಾರ್?" ಎಂದು ಒಬ್ಬ ಹುಡುಗ ಕೇಳಿದ.

"ಹಿಂದೆ ಇದೆ. ಇವರೆಲ್ಲ ಅಡ್ಡ ನಿಂತಿದಾರೆ."

ಹೊಸನಗರದವರು ಕರೆಂಟಿನ ಗರಗಸ ಹಾಕಿಸಿದ್ದರು. "ಜೋಗದಲ್ಲಿ ನೀರು ಬಿದ್ದಿದ್ದೇ ತಡ, ನಮ್ಮ ಗರಗಸ ತಿರುಗ್ತದೆ," ಎಂದರು. ದಿನಾ ಕರೆಂಟು ಇರುತ್ತದೆಯೇ ಎಂದು ಇನ್ನೊಬ್ಬ ಕೇಳಿದ. "ಬಂದಾಗ ಭಾರಿ ಚೆನ್ನಾಗಿ ಬರ್ತದೆ," ಎಂದು ಅವರು ಕೂತರು.

ನಾನು ಎದ್ದು ಮೊದಲು ವರ್ಕ್‌ಶಾಪಿನ ವಿಷಯ ಹೇಳಿದೆ. ಗುಂಡಿಗೆ ಇನ್‌ಸ್ಪೆಕ್ಷನ್ ಪಿಟ್ ಎಂದೆ. ಮೇಸ್ತ್ರಿಗೆ ಚೀಫ್ ಮೆಕ್ಯಾನಿಕ್ ಎಂದೆ. ಹುಡುಗರು ಕಿಟಕಿಯಾಚೆ ನೋಡುತ್ತಿದ್ದರು. ಆಗ ಜೇಬಿನಿಂದ ಪಟ್ಟಿ ತೆಗೆದು ಸೋಮವಾರದಿಂದ ಓದಿದೆ. ವಕೀಲರ ಮನೆಯ ಮಾವಿನಕಾಯಿ ಅಪ್ಪೆಹುಳಿ, ಮಂಗಳವಾರ ಹಲಸಿನಕಾಯಿ ಹುಳಿ, ಬುಧವಾರ ಮನೆಯದ್ದೇ ತುಪ್ಪ. ಐದೂ ತಲೆ ನನ್ನ ಕಡೆ ತಿರುಗಿದವು. ಹಾಸ್ಟೆಲಿನ ಸಾರು ಉಂಡವರು, ತಿರುಗದೆ ಏನು ಮಾಡುತ್ತಾರೆ. ಗಿರಣಿಯವರು ಫೋಟೊವನ್ನು ಮೆಲ್ಲಗೆ ಬಟ್ಟೆಯಲ್ಲಿ ಸುತ್ತಿದರು.

ಸಭೆ ಮುಗಿದ ಮೇಲೆ ಮೊದಲನೇ ನಂಬರಿನವನು ನನ್ನ ಹತ್ತಿರ ಬಂದ. ಸಣಕಲು, ಗಂಭೀರ ಮುಖ, ತೋಳು ಉದ್ದವಾಗಿ ಅಂಗಿ ಗಿಡ್ಡವಾಗಿದ್ದ ಹುಡುಗ.

"ಪಂಪು ಬಿಚ್ಚೋಕೆ ಬಿಡ್ತೀರಾ?"

"ಬಿಚ್ಚೋಕೇ ಕರೀತಿರೋದು."

"ಆ ಮನೆಯವ್ರಿಗೆಲ್ಲ ನನ್ನ ವಿಷ್ಯ ಹೇಳಿದೀರಾ?"

"ಎಲ್ಲಾ ಹೇಳಿದೀನಿ," ಎಂದೆ.

ನನಗೆ ಅವನ ವಿಷಯ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಬರ್ತೀನಿ," ಎಂದ. ಅಷ್ಟು ಸುಲಭಕ್ಕೆ ಗೆದ್ದದ್ದಕ್ಕೆ ನನಗೆ ನನ್ನ ಬಾಯಿಯ ಮೇಲೇ ಪ್ರೀತಿ ಉಕ್ಕಿತು.

ಏಪ್ರಿಲ್‌ನ ಒಂದು ಸೋಮವಾರ ಬೆಳಗಿನ ಬಸ್ಸಿಗೆ ಬಂದಿಳಿದ. ಬಂದವನೇ ಗುಂಡಿಗಿಳಿದು ಮೇಸ್ತ್ರಿಯ ಪಕ್ಕ ನಿಂತ. ಮಧ್ಯಾಹ್ನ ಅವನನ್ನು ಕರೆದುಕೊಂಡು ವಕೀಲರ ಮನೆಗೆ ಹೋದೆ. ವಕೀಲರು ಕೋರ್ಟಿಗೆ ಹೋಗಿದ್ದರು. ಅವರ ಹೆಂಡತಿ ನಡುಮನೆಯಲ್ಲಿ ಅಕ್ಕಪಕ್ಕ ಎರಡು ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿದರು. ಒಳ್ಳೆಯ ಹೆಂಗಸು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನನ್ನ ಅಮ್ಮನಿಗೆ ಕಾಯಿಲೆಯಾದಾಗ ಹದಿನೈದು ದಿನ ಗಂಜಿ ಕಳಿಸಿದವರು.

"ನಿಮ್ಮದು ದೇವಸ್ಥಾನದ ಮನೆಯೇನಪ್ಪ?" ಎಂದು ಅನ್ನ ತರುತ್ತಾ ಕೇಳಿದರು.

"ಅಲ್ಲ. ದೇವಸ್ಥಾನದ ಗದ್ದೆ ಗೇಣಿ ಮಾಡ್ತೀವಿ ನಾವು," ಎಂದ. ಆಮೇಲೆ ತನ್ನ ಜಾತಿಯನ್ನೂ ಹೇಳಿದ. ಕೇಳದೆ ಹೇಳಿದ. ನಾನು ಮೊದಲೇ ಹೇಳಿದ್ದೇನೆ ಎಂದು ಅವನು ನಂಬಿದ್ದ, ಆದ್ದರಿಂದ ಅವನ ದನಿಯಲ್ಲಿ ಯಾವ ಅಳುಕೂ ಇರಲಿಲ್ಲ.

ಆಕೆ ನನ್ನ ಕಡೆ ನೋಡಿದರು. ನಾನು ಉಪ್ಪಿನಕಾಯಿಯ ಕಡೆ ನೋಡಿದೆ. ಆಕೆ ಕೂಗಾಡಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಅನ್ನದ ಪಾತ್ರೆ ಕೆಳಗಿಟ್ಟು, ಒಳಗಿಂದ ಬೇರೆ ಎಲೆ ತಂದು ಹೊರಗೆ ಜಗಲಿಯ ತುದಿಯಲ್ಲಿ ಹಾಕಿ, "ಇಲ್ಲಿಗೆ ಬಾರಪ್ಪ," ಎಂದರು. ಅವನು ಎದ್ದು ಹೋದ. ಆಕೆ ಅಲ್ಲಿ ಮೇಲಿನಿಂದ ಅನ್ನ ಹಾಕಿ, ಒಳಗೆ ಬಂದು ನನಗೆ ಹತ್ತಿರದಿಂದ ಹಾಕಿದರು.

ನಾನು ಏಳಲಿಲ್ಲ. ಏಳಬೇಕು ಎಂದು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಎದ್ದರೆ ಅವರಿಗೆ ಬೇಸರವಾಗುತ್ತದೆ ಎಂದುಕೊಂಡೆ, ಸಾರು ಬಡಿಸಿಯಾಗಿದೆ ಎಂದುಕೊಂಡೆ, ನಡುವೆ ಎಲೆ ಬಿಟ್ಟು ಏಳಬಾರದು ಎಂಬ ಶಾಸ್ತ್ರವನ್ನೂ ನೆನಪಿಸಿಕೊಂಡೆ. ಅಪ್ಪೆಹುಳಿ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ. ನಾನು ಕೈ ತೊಳೆದು ಹೊರಬರುವ ಹೊತ್ತಿಗೆ ಅವನು ತನ್ನ ಎಲೆ ತೆಗೆದು, ಉಂಡ ಜಾಗವನ್ನು ನೀರು ಹಾಕಿ ಸಾರಿಸಿ, ಅಂಗಳದಲ್ಲಿ ನಿಂತಿದ್ದ. ಶೆಡ್ಡಿಗೆ ಹೋಗುವ ದಾರಿಯಲ್ಲಿ ಪಂಪಿಗೆ ಎಷ್ಟನೇ ನಂಬರಿನ ಸ್ಪಾನರ್ ಬೇಕು ಎಂದಷ್ಟೇ ಮಾತಾಡಿದ.

ನಮ್ಮ ಊರಿನಲ್ಲಿ ಬಸ್ಸಿಗಿಂತ ಸುದ್ದಿ ಬೇಗ ಓಡುತ್ತದೆ. ಸಂಜೆಯೊಳಗೆ ಮನೆಮನೆಯಿಂದ ಹೇಳಿ ಕಳಿಸಿದರು. ಒಬ್ಬರ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಒಬ್ಬರ ಅತ್ತೆಗೆ ಮಂಡಿನೋವು. ಒಬ್ಬರು ಅಡುಗೆಮನೆಯ ಹೆಂಚು ಇಳಿಸುವವರಿದ್ದರು. ಇನ್ನೊಬ್ಬರು ಕಾರಣವನ್ನೇ ಕೊಡಲಿಲ್ಲ, ಅವರ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಗೌರವ ಇದೆ. ಸಾಹುಕಾರರು ಮಾತ್ರ, "ಭಾನುವಾರ ನಮ್ಮನೇಲಿ ಹಾಕ್ತೀನಪ್ಪ, ನಂಗೇನು. ಗೇಣಿಯವ್ರು ಬರ್ತಾರಲ್ಲ, ಅವ್ರ ಸಾಲಲ್ಲಿ ಕೂತ್ಕೊಳ್ಳಿ," ಎಂದರು. ಅದನ್ನು ಔದಾರ್ಯ ಎಂದೇ ಅವರು ತಿಳಿದಿದ್ದರು. ನಾನು ಹುಡುಗನಿಗೆ ಹೇಳಿದೆ. ಅವನು, "ನಮ್ಮೂರಲ್ಲೇ ಆ ಸಾಲು ಇದೆ," ಎಂದ.

ಮಂಗಳವಾರ ಮಧ್ಯಾಹ್ನ ಅವನನ್ನು ಎಲ್ಲಿಗೂ ಕರೆದುಕೊಂಡು ಹೋಗಲು ನನ್ನ ಹತ್ತಿರ ಮನೆ ಇರಲಿಲ್ಲ. ಹೋಟೆಲಿಗೆ ಹೋಗೋಣ, ನಾನು ಕೊಡುತ್ತೇನೆ ಎಂದೆ. ಬೇಡ ಎಂದ. ಮೇಸ್ತ್ರಿ ಗುಂಡಿಯೊಳಗಿಂದ ನಮ್ಮ ಮಾತು ಕೇಳುತ್ತಿದ್ದರು. ಮೇಲೆ ಬಂದು ಕೈ ಒರೆಸಿಕೊಂಡು ತಮ್ಮ ಬುತ್ತಿ ಬಿಚ್ಚಿದರು. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ.

"ತಿಂತೀಯಾ?" ಎಂದರು.

"ಮೀನು ಸಿಕ್ದೆ ಮೂರು ತಿಂಗಳಾಯ್ತು ಹಾಸ್ಟೆಲಲ್ಲಿ," ಎಂದ ಹುಡುಗ.

ಇಬ್ಬರೂ ಒಂದೇ ಮುಚ್ಚಳದಲ್ಲಿ ಚಟ್ನಿ ಇಟ್ಟುಕೊಂಡು ತಿಂದರು. ಅವನು ಬೆರಳು ನೆಕ್ಕುವುದನ್ನು ಕಂಡೆ. ನನ್ನ ಪಟ್ಟಿಯಲ್ಲಿ ಒಣಮೀನು ಎಲ್ಲೂ ಇರಲಿಲ್ಲ. ಅಷ್ಟು ಮುತುವರ್ಜಿಯಿಂದ ಪಟ್ಟಿ ಮಾಡಿದವನು ಉಣ್ಣುವವನಿಗೆ ಏನು ಇಷ್ಟ ಎಂದು ಒಂದು ಮಾತು ಕೇಳಿರಲಿಲ್ಲ. ಮರುದಿನದಿಂದ ಮೇಸ್ತ್ರಿಯ ಮನೆಯಿಂದ ಎರಡು ಬುತ್ತಿ ಬರತೊಡಗಿದವು, ರಾತ್ರಿಯೂ ಅವನು ಅವರಲ್ಲೇ ಉಂಡು ಮಲಗುತ್ತಿದ್ದ.

ಗುರುವಾರ ಹೊಸನಗರದ ಮಿಲ್ಲಿನವರು ನಮ್ಮದೇ ಬಸ್ಸಿನಲ್ಲಿ ಬಂದಿಳಿದರು. ಸುದ್ದಿ ಅಲ್ಲಿಗೂ ಹೋಗಿತ್ತು. ನನ್ನ ಎದುರಿಗೇ ಹುಡುಗನನ್ನು ಕರೆದು ತಮ್ಮ ಮಿಲ್ಲನ್ನು ಮತ್ತೊಮ್ಮೆ ವರ್ಣಿಸಿದರು.

"ಬಾ ಮಾರಾಯ. ಮೂರು ಹೊತ್ತು ಹೋಟೆಲ್ ಊಟ. ನಾನು ಮರ ಕೊಯ್ಯೋವ್ನು, ನಂಗೆ ಜಾತಿ ಗೀತಿ ಗೊತ್ತಿಲ್ಲ. ಇವ್ರ ಥರ ಪಟ್ಟಿ ಓದೋಕೂ ಬರೋದಿಲ್ಲ."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ನಾನು ಅಲ್ಲೇ ಟಯರಿನ ಮೇಲೆ ಕೂತು ನನ್ನ ಕೆಲಸ ಹೋಯಿತು ಎಂದುಕೊಂಡೆ. ಹುಡುಗ ಹೊರಟರೆ ತಪ್ಪು ಅವನದಲ್ಲ ಎಂದೂ ಗೊತ್ತಿತ್ತು. ಶೆಡ್ಡಿನ ನೆಲದ ಮೇಲೆ ಹರಡಿದ್ದ ಬಟ್ಟೆಯಲ್ಲಿ ಪಂಪು ನೂರು ಚೂರಾಗಿ ಬಿದ್ದಿತ್ತು. ಅವನು ಅದನ್ನು ನೋಡಿದ, ಮಿಲ್ಲಿನವರನ್ನು ನೋಡಿದ.

"ಬಿಚ್ಚಿಬಿಟ್ಟಿದೀನಲ್ಲ ಸಾರ್. ಜೋಡಿಸ್ದೆ ಹೇಗೆ ಬರ್ಲಿ?" ಎಂದ.

ನನ್ನ ಕೆಲಸ ಉಳಿಯಿತು. ಅವನು ಉಳಿದದ್ದು ನನಗಾಗಿ ಅಲ್ಲ, ಕಂಪನಿಗಾಗಿಯೂ ಅಲ್ಲ. ಆದರೂ ಸಾಹುಕಾರರು ಸಂಜೆ ನನ್ನನ್ನು ಕರೆದು, "ಏನೋ ಹೇಳಿ ನಿಲ್ಲಿಸ್ಕೊಂಡ್ಯಲ್ಲ, ಶಭಾಷ್," ಎಂದರು. ನಾನು ಅಲ್ಲಗಳೆಯಲಿಲ್ಲ.

ಉಳಿದದ್ದು ಶನಿವಾರ. ಶುಕ್ರವಾರ ರಾತ್ರಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊದಲೇ ಕೇಳಿಸಿಕೊಂಡಿದ್ದಳು. ಸುಮಾರು ಹೊತ್ತು ಬತ್ತಿ ಹೊಸೆದಳು.

"ನೀ ಹೇಳಿ ಆತಲ. ನಾ ಒಳಗೇ ಬಡಸ್ತಿ. ಯಾರತ್ರೂ ಹೇಳಡ," ಎಂದಳು.

ಮಡಿಯಲ್ಲೇ ಬದುಕಿದ ಹೆಂಗಸು. ಅವಳ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೆ ಕಣ್ಣು ತುಂಬಿತು. ಮರುದಿನ ಕುಣಿಯುತ್ತಲೇ ಶೆಡ್ಡಿಗೆ ಹೋಗಿ, ನಮ್ಮ ಮನೆಯಲ್ಲಿ ಒಳಗೇ ಊಟ, ನನ್ನ ಪಕ್ಕದಲ್ಲೇ ಎಲೆ ಎಂದು ಹೇಳಿದೆ.

"ಶನಿವಾರ ನಾನು ಉಪವಾಸ," ಎಂದ ಹುಡುಗ.

ಮನೆಗೆ ಬಂದು ಹಾಗೇ ಹೇಳಿದೆ. "ಎಷ್ಟು ನೇಮ ಇದ್ದು ನೋಡು ಆ ಮಾಣಿಗೆ. ನಿಂಗೆ ಒಂದು ಏಕಾದಶಿನೂ ಇಲ್ಲೆ," ಎಂದು ಅಮ್ಮ ನನ್ನನ್ನು ಬೈದಳು. ಮಧ್ಯಾಹ್ನ ಶೆಡ್ಡಿಗೆ ವಾಪಸು ಹೋದಾಗ ಅವನೂ ಮೇಸ್ತ್ರಿಯೂ ಗಂಜಿ ಮುಗಿಸಿ ಬುತ್ತಿ ತೊಳೆಯುತ್ತಿದ್ದರು. ಅವನು ನನ್ನನ್ನು ನೋಡಿದ. ಅಡಗಿಸಿಡುವ ಪ್ರಯತ್ನ ಮಾಡಲಿಲ್ಲ. ನಾನು ಪರ್ಮಿಟ್ಟಿನ ಫೈಲು ಹುಡುಕುವವನಂತೆ ಬೇರೆ ಕಡೆಗೆ ಹೋದೆ.

ಎರಡನೆಯ ಶನಿವಾರವೂ ಕರೆದೆ. ಉಪವಾಸ. ಮೂರನೆಯ ಶನಿವಾರವೂ. ಅಮ್ಮ ಪ್ರತಿ ವಾರವೂ ಒಂದು ಎಲೆ ಹೆಚ್ಚಿಗೆ ಹಾಕಿ, ತೆಗೆದು, ಅವನ ಭಕ್ತಿಯನ್ನು ಪಕ್ಕದ ಮನೆಯವರಿಗೆ ಹೇಳತೊಡಗಿದಳು. ಶನಿವಾರದ ವ್ರತ ಹಿಡಿದವನು ಎಂದು ಅವನಿಗೆ ಊರಿನಲ್ಲಿ ಒಳ್ಳೆಯ ಹೆಸರು ಬಂತು. ಆದರೂ ಯಾರೂ ಅವನನ್ನು ಬೇರೆ ದಿನ ಊಟಕ್ಕೆ ಕರೆಯಲಿಲ್ಲ.

ಪಂಪು ನಾಲ್ಕನೆಯ ವಾರ ಸರಿಯಾಯಿತು. ಮೇಸ್ತ್ರಿ ಎಂಜಿನ್ನಿಗೆ ಕಿವಿ ಇಟ್ಟು ಕೇಳಿ, ಹುಡುಗನ ತಲೆಗೆ ಒಂದು ಮೊಟಕಿದರು. ಅದು ಅವರ ಸರ್ಟಿಫಿಕೇಟು. ಕಾಲೇಜಿನ ಸರ್ಟಿಫಿಕೇಟಿಗೆ ಆರನೆಯ ವಾರ ಸಾಹುಕಾರರು ರುಜು ಹಾಕಿದರು. ಆ ಫಾರಮಿನಲ್ಲಿ ಹುಡುಗನೇ ತುಂಬಬೇಕಾದ ಒಂದು ಜಾಗ ಇತ್ತು: ಸಂಸ್ಥೆಯವರು ಒದಗಿಸಿದ ಅನುಕೂಲಗಳು. ಏನು ಬರೆಯುತ್ತಾನೋ ಎಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದೆ. ಅವನು 'ಪಂಪು' ಎಂದು ಬರೆದ.

ಆರನೆಯ ಶನಿವಾರ ಹನ್ನೊಂದರ ಬಸ್ಸಿಗೆ ಅವನು ಹೊರಟ. ತಾನೇ ಜೋಡಿಸಿದ ಪಂಪಿನ ಬಸ್ಸು, ಹೊಸನಗರದ ಮೇಲೆ ಸಾಗರಕ್ಕೆ ಹೋಗುವುದು. ಮೇಸ್ತ್ರಿ ಒಂದು ಸ್ಪಾನರನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಗುಂಡಿಗಿಳಿದರು. ನಾನು ಕಿಟಕಿಯ ಹತ್ತಿರ ನಿಂತೆ. ಅಮ್ಮ ಇವತ್ತಾದರೂ ಬರುತ್ತಾನೆ ಎಂದು ಪಾಯಸಕ್ಕೆ ಇಟ್ಟಿದ್ದಳು.

"ಊಟ ಮಾಡ್ಕೊಂಡು ಮಧ್ಯಾಹ್ನದ ಬಸ್ಸಿಗೆ ಹೋಗಬಹುದಿತ್ತು," ಎಂದೆ. "ಅಮ್ಮ ಒಳಗೇ ಹಾಕ್ತಾಳೆ ಅಂತ ಮೊದಲ್ನೇ ವಾರದಿಂದ ಹೇಳ್ತಾ ಇದೀನಿ. ಅವಳ ಮೇಲೆ ಯಾಕೆ ಕೋಪ?"

"ಅಮ್ಮನ ಮೇಲೆ ಎಂಥ ಕೋಪ? ವಕೀಲ್ರ ಮನೆಯಮ್ಮನ ಮೇಲೂ ಇಲ್ಲ. ಪಾಪ, ಅವ್ರಿಗೆ ಯಾರೂ ಹೇಳಿರ್ಲಿಲ್ಲ," ಎಂದ. ಸ್ಪಾನರನ್ನು ಚೀಲಕ್ಕೆ ಸೇರಿಸುತ್ತಾ ಹೇಳಿದ. "ಅವತ್ತು ನೀವು ಎಲೆ ಎತ್ಕೊಂಡು ಹೊರಗೆ ಬರ್ತೀರಿ ಅಂದ್ಕೊಂಡಿದ್ದೆ. ಸಾರು ಹಾಕೋವರೆಗೂ ಕಾದೆ. ಮಜ್ಜಿಗೆಗಾದ್ರೂ ಬರ್ತೀರಿ ಅಂತ ಕಾದೆ. ನಂಗೆ ಒಬ್ನೇ ಕೂತು ಉಂಡು ಅಭ್ಯಾಸ ಇಲ್ಲ."

ಕೋಪದಲ್ಲಿ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಎಂಜಿನ್ನಿನ ವಿಷಯ ಹೇಳುವ ದನಿಯಲ್ಲೇ ಹೇಳಿದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

ಮನೆಗೆ ಹೋದೆ. ಒಳಗೆ ಎರಡು ಎಲೆ ಹಾಕಿತ್ತು.

"ಮಾಣಿ ಬಂದ್ನಿಲ್ಯ?"

"ಇಲ್ಲೆ. ಹೋದ."

ಅಮ್ಮ ಒಂದು ಎಲೆಯನ್ನು ತೆಗೆಯಲು ಬಗ್ಗಿದಳು. ನಾನು ಇನ್ನೊಂದನ್ನು ಎತ್ತಿಕೊಂಡು ಹೊರಗೆ ಬಂದು ಜಗಲಿಯ ತುದಿಯಲ್ಲಿ ಹಾಕಿಕೊಂಡು ಕೂತೆ. ಅವಳು ಅನ್ನದ ಪಾತ್ರೆ ಹಿಡಿದು ಹಿಂದೆಯೇ ಬಂದಳು.

"ಎಂತಕ್ಕೆ ಹೊರಗೆ ಕೂತ್ಕಂಡೆ?"

"ಒಳಗೆ ಸೆಕೆ," ಎಂದೆ.

ಅವಳು ಬಡಿಸಿದಳು. ಅಷ್ಟು ಹೊತ್ತಿಗೆ ಬಸ್ಸು ಹೊಸನಗರ ದಾಟಿರಬೇಕು.